ಬೇವಿಗೂ ರೋಗ ಬರುತ್ತದೆಯೇ?



ಮಕ್ಕಳಿಗೆ ಅಮ್ಮ ಎದ್ದರೆ ಹಾಸಿಗೆಯ ಪಕ್ಕ ಬೇವಿನ ಸೊಪ್ಪು. ಕಾಳಿನ ಡಬ್ಬಕ್ಕೆ ಒಣಗಿದ ಬೇವಿನೆಲೆ. ಯುಗಾದಿಗೆ ಬೇವು ಬೆಲ್ಲ. ತರಕಾರಿಗೆ ಹುಳ ಬಿದ್ದರೆ ಬೇವಿನ ಬೀಜದ ಕಷಾಯ. ನಮ್ಮ ಮನೆಯ ರೋಗ, ಹೊಲದ ರೋಗ ಎರಡನ್ನೂ ಓಡಿಸುವ ಮರಕ್ಕೇ ರೋಗ ಬರುತ್ತದೆ ಅಂದರೆ ನಂಬುವುದು ಕಷ್ಟ. ಆದರೆ ಬರುತ್ತದೆ. ಕೆಲವು ಕಡೆ ಈಗಾಗಲೇ ಬಂದಿದೆ. ಅದು ಹೊರಗಿನಿಂದ ಹಾರಿ ಬಂದು ಒಂದೇ ದಿನದಲ್ಲಿ ಮರವನ್ನು ಹಿಡಿಯುವ ರೋಗವಲ್ಲ. ಎಷ್ಟೋ ಮರಗಳಲ್ಲಿ ಅದು ಮೊದಲೇ ಒಳಗೆ ಸೇರಿ, ಸದ್ದಿಲ್ಲದೆ ಕುಳಿತಿರುತ್ತದೆ. ಯಾವಾಗ ಏಳಬೇಕು ಎನ್ನುವುದನ್ನು ಹೆಚ್ಚಾಗಿ ಹವಾಮಾನವೇ ತೀರ್ಮಾನಿಸುತ್ತದೆ. ಹವಾಮಾನ ಬದಲಾವಣೆ ಎಂಬ ಮಾತನ್ನು ನಾವು ಸಭೆಗಳಲ್ಲಿ ಬಹಳ ಕೇಳುತ್ತೇವೆ. ಅದು ನಮ್ಮ ಮನೆ ಮುಂದಿನ ಮರದಲ್ಲಿ ಹೇಗೆ ಕಾಣುತ್ತದೆ ಎಂದು ತಿಳಿಯಲು ಬೇವಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಗುರುತಿಸುವುದು ಹೇಗೆ?

ಮಳೆಗಾಲ ಶುರುವಾಗಿ ಒಂದೆರಡು ತಿಂಗಳಾದ ಮೇಲೆ, ಅಂದರೆ ಆಗಸ್ಟ್ ಸುಮಾರಿಗೆ, ಬೇವಿನ ಕೊಂಬೆಗಳ ತುದಿ ಒಣಗಲು ಶುರುವಾಗುತ್ತದೆ. ಎಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆದರೆ ಉದುರದೆ ಕೊಂಬೆಯಲ್ಲೇ ಜೋತಾಡುತ್ತದೆ. ಒಣಗುವುದು ತುದಿಯಿಂದ ಬುಡದ ಕಡೆಗೆ ಇಳಿಯುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮರದ ತಲೆಯೆಲ್ಲ ಬೆಂಕಿ ತಾಗಿದ ಹಾಗೆ ಕಾಣುತ್ತದೆ. ಚಿಕ್ಕ ಸಸಿ, ಮುದಿ ಮರ ಎಂಬ ಭೇದ ಇದಕ್ಕಿಲ್ಲ. ಹೂವಿನ ಗೊಂಚಲು ಕಪ್ಪಾಗಿ ಮುರುಟುವುದು, ಕಾಯಿ ಕೊಳೆಯುವುದು ಇದೇ ರೋಗದ ಇನ್ನೆರಡು ಮುಖಗಳು.

ಇಲ್ಲಿ ಒಂದು ಎಚ್ಚರಿಕೆ. ಜನವರಿಯಿಂದ ಮಾರ್ಚ್ ಒಳಗೆ ಬೇವು ತಾನಾಗಿಯೇ ಎಲೆ ಉದುರಿಸುತ್ತದೆ. ಆಗ ಎಲೆ ಹಳದಿಯಾಗಿ ನೆಲಕ್ಕೆ ಬೀಳುತ್ತದೆ, ಹಿಂದೆಯೇ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಅದು ರೋಗವಲ್ಲ, ಮರದ ಪದ್ಧತಿ. ಎಲ್ಲವೂ ಹಸಿರಾಗಿರಬೇಕಾದ ಮಳೆಗಾಲದಲ್ಲಿ ಬೇವು ಒಣಗಿದರೆ ಮಾತ್ರ ಅನುಮಾನ ಪಡಿ. ಸಂದೇಹವಿದ್ದರೆ ಒಣಗಿದ ಕಡ್ಡಿಯ ಸಿಪ್ಪೆಯನ್ನು ಹತ್ತಿರದಿಂದ ನೋಡಿ. ಸೂಜಿಮೊನೆಯಷ್ಟು ದೊಡ್ಡ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಬೂಷ್ಟಿನ ಬೀಜಕಣಗಳ ಚೀಲಗಳು.

2021ರ ಮಳೆಗಾಲ ಮುಗಿಯುವ ಹೊತ್ತಿಗೆ ನೆರೆಯ ತೆಲಂಗಾಣದಲ್ಲಿ ಈ ರೋಗ ಬಹಳ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ರಸ್ತೆ ಬದಿ, ಹೊಲದ ಬದು, ಶಾಲೆಯ ಅಂಗಳ, ಎಲ್ಲಿ ನೋಡಿದರೂ ಬೇವು ಕಂದಾಗಿತ್ತು. 2022ರಲ್ಲೂ ಮತ್ತೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಗೆ ತೆಲಂಗಾಣ ಗಡಿಯಾಚೆಯ ಮನೆ ಅಷ್ಟೇ. ಆದರೆ ರೋಗ ಅಲ್ಲಿಂದ ನಮಗೆ ಬಂತು ಅಂತ ತಿಳಿಯಬೇಡಿ. ನಮ್ಮಲ್ಲಿ ಅದು ಅದಕ್ಕೂ ಮೊದಲೇ ಇತ್ತು. 1997ರಲ್ಲಿ ಈ ಬೂಷ್ಟನ್ನು ಹೊಸ ಜಾತಿ ಎಂದು ಗುರುತಿಸಿ ಹೆಸರಿಟ್ಟವರು ಕರ್ನಾಟಕದ ಸಂಶೋಧಕರೇ: ಸತೀಶ್, ಶಂಕರ ಭಟ್ ಮತ್ತು ದೇವಕಿ. ಫೊಮಾಪ್ಸಿಸ್ ಅಜಾಡಿರಾಕ್ಟೆ ಎಂಬುದು ಅವರು ಕೊಟ್ಟ ಹೆಸರು. ಬಾಯಿಗೆ ಕಷ್ಟವಾದರೆ ಬಿಡಿ, ಬೇವಿನ ತುದಿ ಒಣಗುವ ರೋಗ ಎಂದರೆ ಸಾಕು.

ಮೈಯೊಳಗೆ ಇದ್ದೂ ಕಾಣದ ರೋಗ

ಕ್ಷಯರೋಗದ ಬಗ್ಗೆ ನಮ್ಮ ಸಂಘಗಳಲ್ಲಿ ಅನೇಕ ಸಲ ಮಾಹಿತಿ ಕೊಟ್ಟಿದ್ದೇವೆ. ಕ್ಷಯದ ರೋಗಾಣು ಪ್ರಪಂಚದ ಸುಮಾರು ನಾಲ್ಕರಲ್ಲೊಂದು ಪಾಲು ಜನರ ಮೈಯಲ್ಲಿ ಇದೆ ಎಂದು ಅಂದಾಜು. ಅವರೆಲ್ಲ ಕೆಮ್ಮುತ್ತಾ ಮಲಗಿದ್ದಾರೆಯೇ? ಇಲ್ಲ. ಅವರಲ್ಲಿ ನೂರಕ್ಕೆ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಏಳುತ್ತದೆ. ಊಟ ಸಾಲದಿದ್ದಾಗ, ಸಕ್ಕರೆ ಕಾಯಿಲೆ ಇದ್ದಾಗ, ಮೈಯ ಶಕ್ತಿ ಕುಂದಿದಾಗ. ರೋಗಾಣು ಅದೇ, ಬದಲಾದದ್ದು ಮೈ.

ಮರಗಳಲ್ಲೂ ಹೀಗೆಯೇ. ಕಾಡಿನಲ್ಲಿ ಬೆಳೆದ ಯಾವುದೇ ಆರೋಗ್ಯವಂತ ಮರದ ಎಲೆಯನ್ನೋ ಕಡ್ಡಿಯನ್ನೋ ತಂದು, ಹೊರಮೈಯನ್ನು ಔಷಧದಿಂದ ಚೆನ್ನಾಗಿ ತೊಳೆದು, ತುಂಡು ಮಾಡಿ ಪ್ರಯೋಗಾಲಯದ ತಟ್ಟೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಒಳಗಿನಿಂದ ಬೂಷ್ಟು ಹೊರಬರುತ್ತದೆ. ಅಂದರೆ ಅದು ಎಲೆಯ ಮೇಲೆ ಅಲ್ಲ, ಎಲೆಯ ಒಳಗೇ ವಾಸ ಮಾಡುತ್ತಿತ್ತು. ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ನೀಲಗಿರಿ ಪ್ರದೇಶದ ಕಾಡುಗಳಲ್ಲಿ ಇಂಥ ಅಧ್ಯಯನ ನಡೆದು 2002ರಲ್ಲಿ ಪ್ರಕಟವಾಯಿತು. ಕಡಿಮೆ ಮಳೆಯ ಮುಳ್ಳುಕಾಡಿನ ಮರಗಳಲ್ಲಿ ಒಳವಾಸಿ ಬೂಷ್ಟುಗಳ ಬಗೆ ಕಡಿಮೆ, ಮಳೆ ಹೆಚ್ಚಿರುವ ಕಾಡಿನ ಮರಗಳಲ್ಲಿ ಹೆಚ್ಚು. ಮಳೆಗೂ ಈ ಒಳವಾಸಿಗಳಿಗೂ ನಂಟಿದೆ ಎನ್ನುವುದು ಇದರಿಂದ ತಿಳಿಯುತ್ತದೆ.

ಎಲ್ಲ ಒಳವಾಸಿಗಳೂ ಕೆಟ್ಟವಲ್ಲ, ಇದನ್ನು ಹೇಳಲೇಬೇಕು. ಕೆಲವು ಮರಕ್ಕೆ ಉಪಕಾರ ಮಾಡುತ್ತವೆ. ಬಹಳಷ್ಟು ಉಪಕಾರವೂ ಇಲ್ಲ, ಅಪಕಾರವೂ ಇಲ್ಲ ಅಂತ ಬಾಡಿಗೆದಾರರ ಹಾಗೆ ಇರುತ್ತವೆ. ಕೆಲವು ಮಾತ್ರ ಮನೆಯ ಯಜಮಾನ ಹಾಸಿಗೆ ಹಿಡಿಯುವುದನ್ನೇ ಕಾಯುತ್ತಿರುತ್ತವೆ. ಬೇವಿನ ರೋಗದ ಬೂಷ್ಟು ಈ ಮೂರನೆಯ ಗುಂಪಿಗೆ ಸೇರಿದ್ದು. ಬೇವಿನ ಕಹಿ ಬೇರೆ ಎಷ್ಟೋ ಹುಳ, ಬೂಷ್ಟುಗಳಿಗೆ ವಿಷವಾದರೂ ಇದು ಆ ಕಹಿಗೇ ಒಗ್ಗಿಕೊಂಡುಬಿಟ್ಟಿದೆ.

ಬಿಸಿಲು ಮರವನ್ನು ಸೊರಗಿಸುತ್ತದೆ, ಮಳೆ ಬೂಷ್ಟನ್ನು ಎಬ್ಬಿಸುತ್ತದೆ

ಬೇವು ಬಿಸಿಲಿಗೆ ಹೆದರುವ ಮರವಲ್ಲ. ರಾಯಚೂರಿನ ಬೇಸಿಗೆಯನ್ನು ತಡೆದುಕೊಳ್ಳುತ್ತದೆ ಅಂದ ಮೇಲೆ ಇನ್ನೇನು ಹೇಳುವುದು! ಆದರೆ ತಡೆದುಕೊಳ್ಳುವುದಕ್ಕೂ ಖರ್ಚಿದೆ. ನೆಲದಲ್ಲಿ ನೀರು ಕಡಿಮೆಯಾದಾಗ ಮರ ತನ್ನ ಎಲೆಗಳ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ ನಿಜ, ಆದರೆ ಗಾಳಿ ಒಳಗೆ ಹೋಗದೆ ಅಡುಗೆಯೂ ನಿಲ್ಲುತ್ತದೆ, ಮರಕ್ಕೆ ಬೇಕಾದ ಸಕ್ಕರೆ ತಯಾರಾಗುವುದಿಲ್ಲ. ಆಗ ಮರ ಕೂಡಿಟ್ಟದ್ದರಲ್ಲಿ ಜೀವನ ಮಾಡಬೇಕು. ನಮ್ಮ ಹಾಗೆಯೇ, ಕೂಲಿ ಇಲ್ಲದ ತಿಂಗಳಲ್ಲಿ ಉಳಿತಾಯ ಕರಗಿಸುತ್ತದೆ. ಬರ ಒಂದೆರಡು ವರ್ಷ ಮುಂದುವರಿದರೆ ಉಳಿತಾಯ ತೀರುತ್ತದೆ.

ರೋಗವನ್ನು ತಡೆಯಲೂ ಮರಕ್ಕೆ ಈ ಉಳಿತಾಯವೇ ಬೇಕು. ಮನುಷ್ಯರಿಗೆ ಗಾಯ ಮಾಯುವಂತೆ ಮರಕ್ಕೆ ಮಾಯುವುದಿಲ್ಲ. ಅದು ಕೆಟ್ಟ ಭಾಗದ ಸುತ್ತ ಗೋಂದು, ಗಟ್ಟಿ ಪದಾರ್ಥಗಳನ್ನು ತುಂಬಿಸಿ ಗೋಡೆ ಕಟ್ಟುತ್ತದೆ. ಗೋಡೆ ಗಟ್ಟಿಯಿದ್ದರೆ ಬೂಷ್ಟು ಅಲ್ಲೇ ಬಂದಿಯಾಗಿ ಉಳಿಯುತ್ತದೆ. ಗೋಡೆ ಕಟ್ಟಲು ಶಕ್ತಿ ಇಲ್ಲದಿದ್ದರೆ ಮುಂದಕ್ಕೆ ಹರಡುತ್ತದೆ.

ಇನ್ನು ಬೂಷ್ಟಿನ ಕಡೆಯಿಂದ ನೋಡೋಣ. ಈ ಜಾತಿಯ ಬೂಷ್ಟುಗಳು ಚೆನ್ನಾಗಿ ಬೆಳೆಯುವುದು ಸುಮಾರು 25ರಿಂದ 30 ಡಿಗ್ರಿ ಶಾಖದಲ್ಲಿ, ತೇವ ಇದ್ದಾಗ. ಏಪ್ರಿಲ್, ಮೇ ಬಿಸಿಲಿನಲ್ಲಿ ಅವು ಸಾಯುವುದಿಲ್ಲ. ಒಣ ಕಡ್ಡಿಯಲ್ಲಿ, ತೊಗಟೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕಾಯುತ್ತವೆ. ಮಳೆ ಬಿದ್ದ ಕೂಡಲೇ ಆ ಕಪ್ಪು ಚುಕ್ಕೆಗಳು ಉಬ್ಬಿ, ಅಂಟಂಟಾದ ಬೀಜಕಣಗಳು ಹೊರಬರುತ್ತವೆ. ಮಳೆಹನಿ ಬಿದ್ದು ಸಿಡಿದಾಗ ಅವು ಪಕ್ಕದ ಎಳೆ ಚಿಗುರಿಗೆ ಹಾರುತ್ತವೆ. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದಷ್ಟೂ ಅವು ಒಳಗಿಳಿಯುವುದು ಸುಲಭ. ಮೋಡ ಮುಚ್ಚಿ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದರೆ ಬೂಷ್ಟಿಗೆ ಹಬ್ಬ.

ಈಗ ಕಳೆದ ಕೆಲವು ವರ್ಷಗಳನ್ನು ನೆನಪು ಮಾಡಿಕೊಳ್ಳಿ. 2021ರ ನವೆಂಬರಿನಲ್ಲಿ ಮಳೆ ಬಿಡಲೇ ಇಲ್ಲ. ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. 2024 ದೇಶದಲ್ಲಿ ಅಲ್ಲಿಯವರೆಗೆ ದಾಖಲಾದ ಅತಿ ಬಿಸಿಯ ವರ್ಷ. ಒಂದು ವರ್ಷ ಸುಡುವುದು, ಇನ್ನೊಂದು ವರ್ಷ ಕೊಳೆಸುವುದು. ಹದವಾದ ಮಳೆ, ಹದವಾದ ಬಿಸಿಲು ಎಂಬ ಲೆಕ್ಕಾಚಾರ ತಪ್ಪಿದೆ. ಬರ ಮಾತ್ರ ಬಂದಿದ್ದರೆ ಮರ ಸೊರಗುತ್ತಿತ್ತು, ಬೂಷ್ಟು ಮಲಗಿರುತ್ತಿತ್ತು. ಮಳೆ ಮಾತ್ರ ಬಂದಿದ್ದರೆ ಬೂಷ್ಟು ಏಳುತ್ತಿತ್ತು, ಗಟ್ಟಿ ಮರ ತಡೆಯುತ್ತಿತ್ತು. ಸೊರಗಿದ ಮರದ ಮೇಲೆ ಅಕಾಲದ ಮಳೆ ಬಿದ್ದಾಗಲೇ ಕಷ್ಟ. ಬೇವು ಒಣಗಿದ್ದಕ್ಕೆಲ್ಲ ಹವಾಮಾನವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಬೇರು ಕಡಿದು ರಸ್ತೆ ಅಗಲ ಮಾಡಿದ್ದೂ, ಬುಡಕ್ಕೆ ಸಿಮೆಂಟು ಸುರಿದದ್ದೂ ನಾವೇ ತಾನೇ. ಆದರೆ ಮಲಗಿದ್ದನ್ನು ಎಬ್ಬಿಸುವ ಶಕ್ತಿ ಇಂಥ ಹವಾಮಾನಕ್ಕೆ ಇದೆ.

ಇದು ನಮ್ಮ ದೇಶದ ಮಾತು ಮಾತ್ರ ಅಲ್ಲ. ಜರ್ಮನಿಯಲ್ಲಿ 2018ರ ಬೇಸಿಗೆ ವಿಪರೀತ ಬಿಸಿ, ವಿಪರೀತ ಒಣ. ಆಮೇಲೆ ಅಲ್ಲಿಯ ಪೈನ್ ಮರಗಳು ಹೀಗೆಯೇ ಚಿಗುರಿನ ತುದಿಯಿಂದ ಒಣಗತೊಡಗಿದವು. ಪರೀಕ್ಷಿಸಿದರೆ ಸಿಕ್ಕಿದ್ದು, ತೊಂದರೆ ಕೊಡದೆ ಆರೋಗ್ಯವಂತ ಮರಗಳ ಒಳಗೂ ಇರಬಲ್ಲ ಒಂದು ಬೂಷ್ಟು. ಮರ ಬೇರೆ, ಬೂಷ್ಟು ಬೇರೆ, ನಡೆದದ್ದು ಮಾತ್ರ ಒಂದೇ.

ಬೇವಿನಲ್ಲಿ ಇನ್ನೊಬ್ಬ ಪಾಲುದಾರನೂ ಇದ್ದಾನೆ, ಟೀ ಸೊಳ್ಳೆ. ಕರಾವಳಿಯ ಗೇರು ಬೆಳೆಗಾರ ಸಹೋದರಿಯರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಹೆಸರು ಸೊಳ್ಳೆ, ಜಾತಿಯಲ್ಲಿ ತಿಗಣೆ. ಎಳೆ ಚಿಗುರಿಗೆ ಚುಚ್ಚಿ ರಸ ಹೀರುತ್ತದೆ. ಚುಚ್ಚಿದ ಜಾಗ ಕಪ್ಪಾಗಿ ಸಾಯುತ್ತದೆ, ಆ ಗಾಯವೇ ಬೂಷ್ಟಿಗೆ ಬಾಗಿಲು. ತೆಲಂಗಾಣದಲ್ಲಿ ಬೇವು ಒಣಗಿದಾಗ ವಿಜ್ಞಾನಿಗಳು ಎರಡರ ಕೈವಾಡವನ್ನೂ ಕಂಡರು.

ನಮಗೆ ನಷ್ಟ ಎಲ್ಲಿ?

ಬೀಜದಲ್ಲಿ. ಒಂದು ದೊಡ್ಡ ಬೇವಿನ ಮರ ವರ್ಷಕ್ಕೆ 30ರಿಂದ 50 ಕಿಲೋ ಹಣ್ಣು ಕೊಡುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಯೂರಿಯಾ ಗೊಬ್ಬರಕ್ಕೆಲ್ಲ ಬೇವಿನೆಣ್ಣೆಯ ಲೇಪನ ಕಡ್ಡಾಯ ಮಾಡಿದ ಮೇಲೆ ಬೇವಿನ ಬೀಜಕ್ಕೆ ಬೇಡಿಕೆ ಬಂದಿದೆ. ಜೂನ್, ಜುಲೈಯಲ್ಲಿ ಬಿತ್ತನೆಯ ಓಡಾಟದ ನಡುವೆ ಬೀಜ ಆರಿಸಿ ಮಾರಿ, ಮಕ್ಕಳ ನೋಟ್‌ಬುಕ್ಕಿಗೆ ದುಡ್ಡು ಹೊಂದಿಸುವ ತಾಯಂದಿರು ಒಣಪ್ರದೇಶದ ನಮ್ಮ ಸಂಘಗಳಲ್ಲಿ ಇದ್ದಾರೆ. ಈ ರೋಗ ಜೋರಾಗಿ ಬಂದ ಮರದಲ್ಲಿ ಹೂವು, ಕಾಯಿ ಹೆಚ್ಚುಕಡಿಮೆ ಪೂರ್ತಿ ಹಾಳಾಗುತ್ತದೆ. ಬೀಜದ ಆಸೆ ಆ ವರ್ಷಕ್ಕೆ ಮುಗಿದಂತೆ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಈ ಬೂಷ್ಟು ಬೀಜದ ಒಳಗೂ ಅಡಗುತ್ತದೆ. ಸಿಪ್ಪೆಯಲ್ಲಿ ಮಾತ್ರವಲ್ಲ, ಒಳಗಿನ ಬೇಳೆಯಲ್ಲಿ, ಮೊಳಕೆಯ ಭಾಗದಲ್ಲಿ ಕೂಡ. ರೋಗ ಬಲವಾಗಿದ್ದರೆ ಬೀಜ ಮೊಳೆಯುವುದೇ ಇಲ್ಲ. ಮೊಳೆತರೆ ಸಸಿ ನೋಡಲು ಚೆನ್ನಾಗಿಯೇ ಇದ್ದು, ರೋಗ ಒಳಗೇ ಉಳಿಯಬಹುದು. ನರ್ಸರಿ ನಡೆಸುವ ಸಂಘಗಳು ಇದನ್ನು ಮನಸ್ಸಿನಲ್ಲಿ ಇಡಲೇಬೇಕು. ಪರಿಸರ ದಿನಕ್ಕೆ ನಾವು ಪ್ರೀತಿಯಿಂದ ಹಂಚುವ ಸಸಿಯ ಜೊತೆಗೇ ರೋಗವನ್ನೂ ಊರಿಂದ ಊರಿಗೆ ಹಂಚಿದಂತೆ ಆಗಬಾರದು.

"ಸಿಸ್ಟರ್, ಮರ ಸತ್ತೇ ಹೋಯ್ತು, ಕಡಿದು ಸೌದೆ ಮಾಡೋಣ್ವಾ?"

ಬೇವು ಒಣಗಿದ ಊರುಗಳಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಊರಿಗೆ ಏನೋ ಕೇಡು ಬಂತು ಎಂಬ ಭಯವೂ ಕೆಲವರಲ್ಲಿ ಇರುತ್ತದೆ. ಕಡಿಯಬೇಡಿ. ತುದಿ ಒಣಗಿದ ಬೇವು ಹೆಚ್ಚಾಗಿ ಸತ್ತಿರುವುದಿಲ್ಲ. ತೆಲಂಗಾಣದಲ್ಲೂ ಬಹಳಷ್ಟು ಮರಗಳು ಮುಂದಿನ ಚಿಗುರು ಕಾಲದಲ್ಲಿ ಮತ್ತೆ ಹಸಿರಾದವು. ಜೀವ ಇದೆಯೋ ಇಲ್ಲವೋ ನೋಡಲು ಕೊಂಬೆಯ ಬುಡದ ಕಡೆ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ. ಒಂದು ಬೇಸಿಗೆ ಕಾದು ನೋಡಿ. ಹೀಗೆ ತಡೆದುಕೊಂಡು ಉಳಿಯುವ ಮರಗಳೇ ಮುಂದೆ ನಮಗೆ ಬೀಜಕ್ಕೆ ಬೇಕು. ಅಂಥದ್ದನ್ನು ಗಾಬರಿಯಲ್ಲಿ ಕಡಿದರೆ ಮತ್ತೆ ಎಲ್ಲಿಂದ ತರುವುದು?

ಚಿಕ್ಕ ಮರವಾದರೆ ಒಣಗಿದ ಕೊಂಬೆಗಳನ್ನು ಸವರಬಹುದು. ಒಣಗಿದ ಜಾಗದಲ್ಲೇ ಕತ್ತರಿಸಿದರೆ ಸಾಲದು, ಅದರಿಂದ ಒಂದು ಗೇಣು ಕೆಳಗೆ ಹಸಿರು ಭಾಗದಲ್ಲಿ ಕತ್ತರಿಸಿ. ಈ ಕೆಲಸ ಮಳೆ ಬರುವಾಗ ಬೇಡ, ಬಿಸಿಲಿರುವ ಒಣ ದಿನಗಳಲ್ಲಿ, ಮುಂಗಾರಿಗೆ ಮೊದಲೇ ಮುಗಿಸಿ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಮಚ್ಚನ್ನು ಸ್ಪಿರಿಟ್ ಹಚ್ಚಿ ಒರೆಸಿ. ಕತ್ತರಿಸಿದ ಕಡ್ಡಿಗಳನ್ನು ಮರದ ಬುಡದಲ್ಲಿ ರಾಶಿ ಹಾಕಬೇಡಿ, ಮಳೆಗೆ ಮೊದಲೇ ಒಲೆಗೆ ಹಾಕಿ ಮುಗಿಸಿ. ದೊಡ್ಡ ಮರ ಹತ್ತುವ ಸಾಹಸ ಮಾತ್ರ ಬೇಡ.

ಔಷಧ ಹೊಡೆಯುವ ವಿಚಾರವನ್ನೂ ಕೇಳುತ್ತೀರಿ. ನರ್ಸರಿಯ ಸಸಿಗಳಿಗೆ ಕೃಷಿ ಅಧಿಕಾರಿಗಳ ಸಲಹೆ ಪಡೆದು ಹೊಡೆಯಬಹುದು. ನಲವತ್ತು ಅಡಿ ಮರಕ್ಕೆ, ಅದೂ ಮಕ್ಕಳು ಆಡುವ, ದನ ಕಟ್ಟುವ ಜಾಗದಲ್ಲಿ, ವಿಷ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಬೂಷ್ಟು ಒಳಗಿದೆ, ಔಷಧ ಹೊರಗೆ ಬೀಳುತ್ತದೆ, ಮುಂದಿನ ಮಳೆ ಅದನ್ನು ತೊಳೆದು ಬಾವಿಗೆ ಸೇರಿಸುತ್ತದೆ. ಆ ದುಡ್ಡನ್ನು ಉಳಿಸಿ, ಮರಕ್ಕೆ ಶಕ್ತಿ ಬರುವ ಕೆಲಸ ಮಾಡುವುದು ಮೇಲು. ಬುಡದ ಸುತ್ತ ಸಿಮೆಂಟು ಇದ್ದರೆ ಒಡೆದು ಮಣ್ಣು ಬಿಡಿ. ಬೇಸಿಗೆಯಲ್ಲಿ ಎಳೆಯ ಮರಗಳಿಗೆ ಬಟ್ಟೆ ಒಗೆದ ಸೋಪಿನ ನೀರು ಬಿಟ್ಟು, ಅಕ್ಕಿ, ತರಕಾರಿ ತೊಳೆದ ನೀರು ಹಾಕಿದರೂ ಸಾಕು. ಬುಡಕ್ಕೆ ತರಗೆಲೆ ಹೊದಿಸಿ, ಕಸ ಸುಡಬೇಡಿ. ಬರಗಾಲದಲ್ಲಿ ಆಡಿಗೆ ಸೊಪ್ಪು ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಒಂದೇ ಮರವನ್ನು ಬೋಳಿಸದೆ ನಾಲ್ಕು ಮರಗಳಿಂದ ಸ್ವಲ್ಪ ಸ್ವಲ್ಪ ಕೊಯ್ಯಿರಿ. ಮಳೆ ಹಿಡಿದಾಗ ಕೊಯ್ಯಲೇಬೇಡಿ, ಹಸಿ ಗಾಯದೊಳಗೆ ಬೀಜಕಣ ಇಳಿಯುತ್ತದೆ.

ಬಿತ್ತಲು ಬೀಜ ಬೇಕಿದ್ದರೆ ಹಿಂದಿನ ಮಳೆಗಾಲದಲ್ಲೇ ಮರ ನೋಡಿಟ್ಟುಕೊಳ್ಳಬೇಕು. ಎಲ್ಲ ಮರಗಳೂ ಒಣಗಿದಾಗ ಯಾವುದು ಹಸಿರಾಗಿ ನಿಂತಿತ್ತೋ ಅದಕ್ಕೆ ಒಂದು ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡಿ. ಒಂದೇ ಮರ ಸಾಲದು, ಅಂಥ ಏಳೆಂಟು ಮರಗಳ ಬೀಜ ಬೆರೆಸಿ. ಮಳೆಯಲ್ಲಿ ನೆನೆದು ನೆಲದಲ್ಲಿ ಬಿದ್ದಿರುವ ಹಣ್ಣು ಬೇಡ. ಮರದ ಕೆಳಗೆ ಹಳೆಯ ಸೀರೆ ಹಾಸಿ, ಕೊಂಬೆ ಅಲುಗಿಸಿ ಹಳದಿ ಹಣ್ಣು ಬೀಳಿಸಿ. ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ಎರಡು ಮೂರು ವಾರದೊಳಗೆ ಬಿತ್ತಿ. ಬೇವಿನ ಬೀಜ ಹೆಚ್ಚು ದಿನ ಜೀವ ಹಿಡಿಯುವುದಿಲ್ಲ. ಎಣ್ಣೆಗೆ ಮಾರುವ ಬೀಜವಾದರೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಗೋಣಿಚೀಲದಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಸಸಿಯ ಬೇರಿಗೆ ಒಳ್ಳೆಯದು, ಹಾಕಿ. ಆದರೆ ಬೀಜದೊಳಗೆ ಕುಳಿತ ಬೂಷ್ಟನ್ನು ಅದು ಪೂರ್ತಿ ತೆಗೆಯುತ್ತದೆಂದು ನಂಬಿ ಬೀಜದ ಆಯ್ಕೆಯಲ್ಲಿ ಸಡಿಲ ಬಿಡಬೇಡಿ.

ನಿಮ್ಮ ಊರಿನ ಬೇವಿಗೆ ಇದೇ ರೋಗವೋ ಬೇರೆಯೋ ಎಂದು ತಿಳಿಯಲು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ಕೊಡಬಹುದು. ಪೂರ್ತಿ ಒಣಗಿದ ಕಡ್ಡಿ ತೆಗೆದುಕೊಂಡು ಹೋದರೆ ಪ್ರಯೋಜನ ಕಡಿಮೆ. ಅರ್ಧ ಒಣಗಿ ಅರ್ಧ ಹಸಿರಿರುವ ಕಡ್ಡಿಯನ್ನು ಒಂದು ಗೇಣು ಉದ್ದ ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಹಾಕದೆ, ಅದೇ ದಿನ ಅಥವಾ ಮರುದಿನ ತಲುಪಿಸಿ. ಮರ ಇರುವ ಜಾಗ, ಒಣಗಲು ಶುರುವಾದ ತಿಂಗಳು, ಆ ತಿಂಗಳು ಮಳೆ ಹೇಗಿತ್ತು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.